ಮೂಸಿ ಹೇಳಿದ ಮಾತು

ಹೋದ ತಿಂಗಳು ಮೊಮ್ಮಗಳಿಗೆ ನೋಟ್‌ಬುಕ್ಕು ತರಲು ಸಾಗರದ ಪೇಟೆಗೆ ಹೋದವಳು ಪಕ್ಕದ ಉಪ್ಪಿನಕಾಯಿ ಅಂಗಡಿಯ ಮುಂದೆ ನಿಂತುಬಿಟ್ಟೆ. ಅಂಗಡಿಯ ಹುಡುಗಿ ದೊಡ್ಡ ಜಾಡಿಯೊಂದರ ಮುಚ್ಚಳ ತೆಗೆದು ಯಾರಿಗೋ ಮಿಡಿ ತೋಡಿ ಹಾಕುತ್ತಿದ್ದಳು. ಮಾವಿನ ಮಿಡಿಯ ವಾಸನೆ ನಮ್ಮೂರಿನಲ್ಲಿ ಹೊಸದೇನಲ್ಲ. ಆದರೆ ಇದು ಬರೀ ಮಿಡಿಯ ವಾಸನೆಯಾಗಿರಲಿಲ್ಲ. ಮೊದಲು ಹಸಿ ಜೀರಿಗೆ, ಆಮೇಲೆ, ಇನ್ನೇನು ಮುಗಿಯಿತು ಅನ್ನುವಾಗ, ತುದಿಯಲ್ಲಿ ಸಣ್ಣಗೆ ಕರ್ಪೂರ... ಕೈಯಲ್ಲಿದ್ದ ಚೀಲ ಜಾರಿ ಬಿತ್ತು ಎಂದು ಬರೆದರೆ ನಾಟಕವಾಗುತ್ತದೆ. ಚೀಲ ಕೈಯಲ್ಲೇ ಇತ್ತು. ಕಾಲು ಮಾತ್ರ ಮುಂದಕ್ಕೆ ಹೋಗಲಿಲ್ಲ.

ನಾನು ನಿಂತದ್ದನ್ನು ಕಂಡು ಹುಡುಗಿ ಮುಚ್ಚಳವನ್ನು ನನ್ನ ಕಡೆ ಹಿಡಿದು, ಮೂಸಿ ನೋಡಿ ಮೇಡಂ ಎಂದಳು. ಯಾವ ಊರಿನ ಮಿಡಿ ಎಂದು ಕೇಳಿದೆ. ಈ ಜಾತಿ ಈಗ ಹೊಸನಗರದ ಕಡೆ ಮನೆಮನೆಯಲ್ಲೂ ಇದೆ, ಇಂಥವರ ಮನೆಯದು ಅಂತ ಹೇಳಲಿಕ್ಕೆ ಬರುವುದಿಲ್ಲ ಎಂದಳು. ಏನನ್ನೂ ಕೊಳ್ಳದೆ ಮನೆಗೆ ಬಂದೆ. ನೋಟ್‌ಬುಕ್ಕು ತರುವುದನ್ನೂ ಮರೆತಿದ್ದೆ.

ಇಂಥವರ ಮನೆಯದು ಎಂದು ಹೇಳಲಿಕ್ಕೆ ಬರುತ್ತಿದ್ದ ಕಾಲವೊಂದಿತ್ತು. ಹಾಗೆ ಹೇಳಿದವಳು ನಾನೇ.

ನನ್ನ ಅಮ್ಮ ಮಿಡಿಯ ತೊಟ್ಟು ಮುರಿದು, ಸೊನೆ ಮೂಸಿ, ಇದು ಇಂಥ ಹಳ್ಳದ ದಂಡೆಯ ಮರದ್ದು, ಇದು ಇಂಥವರ ಗದ್ದೆಯಂಚಿನದು ಎಂದು ಹೇಳುತ್ತಿದ್ದಳು. ಅಪ್ಪೆಮಿಡಿಯ ಮರಗಳು ಒಂದೇ ಹೊಳೆಯ ನೀರು ಕುಡಿದು ಬೆಳೆದರೂ ಒಂದರ ಪರಿಮಳ ಇನ್ನೊಂದಕ್ಕಿಲ್ಲ. ಅಮ್ಮನ ಒಡವೆ ಅಕ್ಕನಿಗೆ ಹೋಯಿತು, ಮೂಗು ನನಗೆ ಬಂತು. ನಂಟರ ಮನೆಯ ಊಟದ ಪಂಕ್ತಿಯಲ್ಲಿ ಎಲೆಯ ತುದಿಗೆ ಬಿದ್ದ ಮಿಡಿ ಮೂಸಿ ಊರು ಹೇಳುವುದು, ಹೇಳಿದ್ದು ಸರಿ ಎಂದು ಜನ ಬೆರಗಾಗುವುದು, ನಾನು ಏನೂ ಆಗಿಲ್ಲವೆಂಬಂತೆ ಮಜ್ಜಿಗೆ ಹಾಕಿಸಿಕೊಳ್ಳುವುದು... ಈ ಜಂಬ ನನಗೆ ಚಿಕ್ಕಂದಿನಿಂದ ಇತ್ತು. ಪಾಠ ಮಾಡುವುದರಲ್ಲಿ ನಾನು ಅಷ್ಟಕ್ಕಷ್ಟೇ. ಹೊಗಳಿಸಿಕೊಳ್ಳಲು ನನಗಿದ್ದದ್ದು ಅದೊಂದೇ ವಿದ್ಯೆ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹೊಸನಗರ ತಾಲ್ಲೂಕಿನ ಅಂಚಿನಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಗಡಿಗೆ ಕೂಗಳತೆಯಲ್ಲಿದ್ದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನನಗೆ ವರ್ಗವಾಗಿತ್ತು. ಗಂಡನ ಕೆಲಸ ಸಾಗರದಲ್ಲಿ. ಹಾಗಾಗಿ ಸೋಮವಾರದಿಂದ ಶನಿವಾರದವರೆಗೆ ನಾನು ಆ ಹಳ್ಳಿಯ ಒಬ್ಬ ಹೆಂಗಸಿನ ಮನೆಯ ಒಂದು ಕೋಣೆಯಲ್ಲಿ ಇರುತ್ತಿದ್ದೆ. ಊರಿನ ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದವು. ನನಗೂ ಅದೇ ಬಾಯಿಗೆ ಬಂತು. ಆಗ ಅವರಿಗೆ ಐವತ್ತು ದಾಟಿತ್ತು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮಾವನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದ ಗದ್ದೆ ಗಂಡನ ಕಾಲಕ್ಕೆ ಸ್ವಂತದ್ದಾಗಿತ್ತು. ಅದನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಎತ್ತರವೆಂದರೆ ನನ್ನ ಭುಜದವರೆಗೆ. ದನಿ ಮಾತ್ರ ಹಳ್ಳದಾಚೆಗೂ ಕೇಳುವಂಥದ್ದು.

ಬಾಡಿಗೆಯ ಮಾತೆತ್ತಿದರೆ ಮುಖ ತಿರುಗಿಸುತ್ತಿದ್ದರು. ರಾತ್ರಿಯ ಊಟ ಒಟ್ಟಿಗೇ. ಗಂಜಿಯೋ ಅನ್ನವೋ, ಏನೇ ಇದ್ದರೂ ಬಟ್ಟಲಿನ ಪಕ್ಕದಲ್ಲಿ ಎರಡು ಮಿಡಿ. ಮನೆಯ ಹಿಂದೆ ಹಳ್ಳ ತಿರುಗುವ ಕಡೆ ವಾಲಿಕೊಂಡಿದ್ದ ಒಂದು ಮರದ ಮಿಡಿ. ಮೊದಲ ದಿನ ತಿಂದಾಗಲೇ ನಾನು, ದೊಡ್ಡಮ್ಮ, ಇಂಥ ವಾಸನೆ ನಾನೆಲ್ಲೂ ಕಂಡಿಲ್ಲ ಎಂದಿದ್ದೆ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದರು. ಆಮೇಲೆ ಮೂರು ವರ್ಷ ದಿನವೂ ಅದನ್ನು ತಿಂದೆ. ಗುರುತು ಹಿಡಿಯಲು ನನಗೆ ವಿದ್ಯೆಯೇ ಬೇಕಿರಲಿಲ್ಲ. ನನ್ನ ಮೈಯಲ್ಲೇ ಅದು ಸೇರಿತ್ತು.

ಕಾಡಿನವರು ಎಂದು ಊರವರು ಕರೆಯುತ್ತಿದ್ದ ಜನ ಆಗ ಆ ಕಡೆಯ ಕಾಡಿನಲ್ಲಿ ತಿರುಗುತ್ತಿದ್ದರು. ಪೇಪರಿನಲ್ಲಿ ನಕ್ಸಲರು ಎಂದು ಬರುತ್ತಿತ್ತು. ಅವರನ್ನು ಹಿಡಿಯಲು ಬಂದ ಪೊಲೀಸರು ನಮ್ಮ ಶಾಲೆಯ ಎರಡು ಕೋಣೆಗಳಲ್ಲಿ ಕ್ಯಾಂಪು ಮಾಡಿದರು. ಐದೂ ತರಗತಿಗಳನ್ನು ನಾನು ಒಂದೇ ಕೋಣೆಯಲ್ಲಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಕರಿಹಲಗೆಗೆ ಬಂದೂಕುಗಳನ್ನು ಒರಗಿಸಿರುತ್ತಿದ್ದರು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಅಲ್ಲಿ ಬಡವಾದವರು ಹೆಂಗಸರು. ಕಾಡಿನವರು ಬಂದು ಅನ್ನ ಕೇಳಿದರೆ ಬೇಯಿಸಿ ಹಾಕಬೇಕಾದವರು ಅವರು. ಮಾರನೆಯ ದಿನ ಪೊಲೀಸರು ಬಂದು, ಎಷ್ಟು ಸೇರು ಅಕ್ಕಿ ಹಾಕಿದೆ, ಮನೆಯಲ್ಲಿ ಇರುವವರು ಎಷ್ಟು ಜನ, ಇಷ್ಟೊಂದು ತಟ್ಟೆ ಯಾಕೆ ತೊಳೆದಿದೆ ಎಂದು ಕೇಳುತ್ತಿದ್ದುದೂ ಅವರನ್ನೇ. ಕೊಟ್ಟಿಗೆಗೆ ಸೊಪ್ಪು ತರಲು ಕಾಡಿಗೆ ಹೋಗುವುದು ಕಷ್ಟವಾಯಿತು. ಗಂಡಸರು ಬೇಕಾದರೆ ನಾಲ್ಕು ದಿನ ನಂಟರ ಮನೆಗೆ ಹೋಗಿ ಇದ್ದು ಬರುತ್ತಿದ್ದರು. ಒಲೆ ಬಿಟ್ಟು ಹೆಂಗಸರು ಎಲ್ಲಿಗೆ ಹೋಗುತ್ತಾರೆ?

ದೊಡ್ಡಮ್ಮ ಒಂದು ಕಟ್ಟಳೆ ಮಾಡಿದ್ದರು. ಅವರ ಅಂಗಳದ ಬಾಗಿಲಲ್ಲಿ ಅಡ್ಡ ಗಳಗಳನ್ನು ಸರಿಸಿ ದಾಟುವ ದಣಪೆಯಿತ್ತು. ಬಂದೂಕು ಹಿಡಿದವರು ಯಾರೇ ಆಗಲಿ ಅದನ್ನು ದಾಟುವ ಹಾಗಿಲ್ಲ. ಕಾಡಿನವರಿಗೂ ಅದೇ ಮಾತು, ಪೊಲೀಸರಿಗೂ ಅದೇ ಮಾತು. ಕುಡಿಯಲು ನೀರು ಬೇಕಾದರೆ ತಂಬಿಗೆಯನ್ನು ತಾವೇ ದಣಪೆಯವರೆಗೆ ಒಯ್ದು ಕೊಡುತ್ತಿದ್ದರು. ಪೊಲೀಸರು ಮೊದಮೊದಲು ನಕ್ಕರು. ಆಮೇಲೆ ಏನನ್ನಿಸಿತೋ, ಹೊರಗಿನ ಕಲ್ಲಿನ ಮೇಲೆಯೇ ಕೂತು ಮಾತಾಡಿ ಹೋಗತೊಡಗಿದರು. ನೋಡನೋಡುತ್ತ ಊರಿನ ಏಳೆಂಟು ಮನೆಯ ಹೆಂಗಸರು ಅದನ್ನೇ ಹಿಡಿದರು. ದೊಡ್ಡ ಸಂಗತಿಯೇನಲ್ಲ. ಆದರೆ ಅಷ್ಟು ಅಂಗಳಗಳಲ್ಲಿ ಮಕ್ಕಳು ಹೆದರದೆ ಆಡುತ್ತಿದ್ದವು.

ಹಳ್ಳದಾಚೆಯ ಮನೆಯ ಹುಡುಗಿಯೊಬ್ಬಳು ಕಾಡು ಸೇರಿದ್ದಳು. ಕೋಣಂದೂರಿನಲ್ಲಿ ಓದುತ್ತಿದ್ದವಳು, ಒಂದು ದಿನ ಹೋದವಳು ಮನೆಗೆ ಬರಲಿಲ್ಲವಂತೆ. ನಾನು ಬರುವ ಮೊದಲೇ ನಡೆದದ್ದು. ಅವಳ ತಾಯಿಯ ಮನೆಯ ಮೇಲೆ ಪೊಲೀಸರ ಕಣ್ಣು ಸದಾ ಇತ್ತು, ಆ ತಾಯಿ ಬಾವಿಗೆ ಹೋದರೂ ಒಬ್ಬ ಪೇದೆ ಹಿಂದಿನಿಂದ ನೋಡುತ್ತಿದ್ದ. ಹುಡುಗಿ ಎಳೆಯ ವಯಸ್ಸಿನಲ್ಲಿ ದೊಡ್ಡಮ್ಮನ ಮನೆಯಲ್ಲೇ ಹೆಚ್ಚು ಬೆಳೆದವಳು, ಮಿಡಿ ಆಯುವ ಕಾಲದಲ್ಲಿ ಅವರ ಪಕ್ಕ ಕೂತು ತೊಟ್ಟು ಕತ್ತರಿಸುತ್ತಿದ್ದವಳು. ಇದೆಲ್ಲ ನನಗೆ ಗೊತ್ತಿತ್ತು. ದೊಡ್ಡಮ್ಮ ಸೊಪ್ಪಿಗೆಂದು ಹೋಗಿ ಎರಡು ಗಳಿಗೆ ತಡವಾಗಿ ಬರುತ್ತಿದ್ದುದೂ ಗೊತ್ತಿತ್ತು. ಸೊಪ್ಪು ತುಂಬುವ ಹೆಡಿಗೆಯ ತಳದಲ್ಲಿ ಏನಿರುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕ್ಯಾಂಪಿನ ಸಾಹೇಬರ ಜೊತೆ ದಿನಾ ಮಧ್ಯಾಹ್ನ ಚಹಾ ಕುಡಿಯುವ ಟೀಚರಿಗೆ ಯಾರು ತಾನೆ ಹೇಳುತ್ತಾರೆ?

ಆ ಸಾಹೇಬರು ಬಯಲುಸೀಮೆಯವರು. ಕೆಟ್ಟವರಂತೆ ಕಾಣುತ್ತಿರಲಿಲ್ಲ. ಮಕ್ಕಳಿಗೆ ಚಾಕೊಲೇಟು ತರಿಸಿಕೊಡುತ್ತಿದ್ದರು. ನಮ್ಮ ಕಡೆಯ ಮಳೆ, ಜಿಗಣೆ, ಹುಳಿ ಎಲ್ಲವನ್ನೂ ಬೈಯುತ್ತ ನಗಿಸುತ್ತಿದ್ದರು. ಮಿಡಿ ಮೂಸಿ ಮರ ಹೇಳುತ್ತೇನೆಂದು ನಾನೇ ಒಂದು ದಿನ ಅವರ ಮುಂದೆ ಕೊಚ್ಚಿಕೊಂಡಿದ್ದೆ. ಅವರು ನಂಬಿರಲಿಲ್ಲ.

ಭೂಮಿ ಹುಣ್ಣಿಮೆಗೆ ನಾಲ್ಕು ದಿನವಿತ್ತು. ಮಕ್ಕಳ ಬಿಸಿಯೂಟ ಮುಗಿದಿತ್ತು. ಕಾಡಿಗೆ ಹೋಗಿದ್ದ ಪೊಲೀಸರು ತಿರುಗಿ ಬಂದು ಜಗಲಿಯ ಮೇಲೆ ಸಾಮಾನು ಇಳಿಸಿದ್ದರು. ಸಾಹೇಬರು ನನ್ನನ್ನು ಕರೆದು ಒಂದು ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದರು. ಹೇಳಿ ಟೀಚರ್, ನೋಡೋಣ ನಿಮ್ಮ ವಿದ್ಯೆ ಎಂದರು. ಸುತ್ತ ನಾಲ್ಕು ಪೇದೆಗಳು ನಗುತ್ತ ನಿಂತಿದ್ದರು.

ನಾನು ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಎತ್ತಿ ನೋಡಿ, ಮೂಸಿದೆ. ಕಣ್ಣು ಮುಚ್ಚಿಕೊಂಡು ಮೂಸಿದೆ, ನೋಡುವವರಿಗೆ ಚೆನ್ನಾಗಿರಲಿ ಎಂದು. ಜೀರಿಗೆ, ತುದಿಯಲ್ಲಿ ಕರ್ಪೂರ.

'ಇದು ನಮ್ಮ ದೊಡ್ಡಮ್ಮನ ಹಿತ್ತಲ ಮರದ್ದು ಸಾರ್. ಹಳ್ಳದ ತಿರುವಿನಲ್ಲಿದೆಯಲ್ಲ, ಅದೇ. ಬೇರೆಲ್ಲೂ ಇಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ' ಎಂದೆ.

ಯಾರೂ ಭೇಷ್ ಎನ್ನಲಿಲ್ಲ. ಸಾಹೇಬರು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿದರು.

ಆ ಡಬ್ಬಿ ಎಲ್ಲಿ ಸಿಕ್ಕಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅರವತ್ತು ದಾಟಿದೆ, ಇನ್ನು ಸುಳ್ಳೇಕೆ? ಡಬ್ಬಿಯ ತಳಕ್ಕೆ ಕಾಡಿನ ಕೆಂಪು ಮಣ್ಣು ಮೆತ್ತಿತ್ತು. ಪಕ್ಕದಲ್ಲಿ ಮಸಿ ಹಿಡಿದ ಪಾತ್ರೆ, ಒಂದು ಹರಿದ ಟಾರ್ಪಾಲು ಬಿದ್ದಿದ್ದವು. ನಾನು ಅವೆಲ್ಲವನ್ನೂ ನೋಡಿದ್ದೆ. ನೋಡಿಯೂ, ಮೂಗಿನ ಮುಂದೆ ಪರೀಕ್ಷೆ ಬಂದ ಕೂಡಲೇ ಬುದ್ಧಿ ಕೈಕೊಟ್ಟಿತು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರಲ್ಲ, ನನ್ನದು ಎಲುಬಿಲ್ಲದ ನಾಲಿಗೆ, ಅದರ ಮೇಲೊಂದು ಜಂಬದ ಮೂಗು.

ಸಂಜೆಗೆ ಮುಂಚೆಯೇ ಜೀಪು ದೊಡ್ಡಮ್ಮನ ಮನೆಗೆ ಹೋಯಿತು. ನಾನು ಶಾಲೆಯಿಂದ ಬರುವಾಗ ದಣಪೆಯ ಗಳಗಳೆಲ್ಲ ಕಿತ್ತು ಅಂಗಳದಲ್ಲಿ ಬಿದ್ದಿದ್ದವು. ಅವತ್ತು ಬಂದೂಕು ಅಡುಗೆಮನೆಯವರೆಗೂ ಬಂದಿತ್ತು. ಅಟ್ಟದ ಮೇಲಿದ್ದ ಒಂದನ್ನು ಬಿಟ್ಟು ಉಪ್ಪಿನಕಾಯಿಯ ಭರಣಿಗಳನ್ನೆಲ್ಲ ಬೋರಲು ಹಾಕಿ ಹುಡುಕಿದ್ದರು. ಮನೆಯೆಲ್ಲ ಅದೇ ವಾಸನೆ. ನಾನು ನೆಲ ಬಳಿದೆ, ತೊಳೆದೆ. ಹೋಗಲಿಲ್ಲ.

ದೊಡ್ಡಮ್ಮನನ್ನು ಎಲ್ಲಿಗೆ ಒಯ್ದರೆಂದು ಎರಡು ದಿನ ಯಾರಿಗೂ ತಿಳಿಯಲಿಲ್ಲ. ಒಟ್ಟು ಎಂಟು ದಿನ ಅವರು ಮನೆಯಲ್ಲಿರಲಿಲ್ಲ. ಆ ಎಂಟು ದಿನದ ನಡುವೆ ಭೂಮಿ ಹುಣ್ಣಿಮೆ ಬಂದು ಹೋಯಿತು.

ಆ ಹಬ್ಬದ ದಿನ ಹೆಂಗಸರು ಏನು ಮಾಡಬೇಕೆಂದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು. ಭೂಮಿ ಹುಣ್ಣಿಮೆ ಎಂದರೆ ಗದ್ದೆಯಲ್ಲಿ ತೆನೆ ಕಟ್ಟುವ ಹೊತ್ತಿಗೆ ಭೂಮಿತಾಯಿ ಬಸುರಿ ಎಂದು ಬಯಕೆಯೂಟ ಬಡಿಸುವ ಹಬ್ಬ. ಹೆಂಗಸರು ಚಿತ್ತಾರದ ಬುಟ್ಟಿಯಲ್ಲಿ ಅಡುಗೆ ತುಂಬಿ ಬೆಳಿಗ್ಗೆಯೇ ಗದ್ದೆಗೆ ಹೋಗುತ್ತಾರೆ. ಆ ವರ್ಷ ಪೂಜೆ ಮುಗಿಸಿ ತಿರುಗುವಾಗ ಹಳ್ಳದಾಚೆಯ ಹುಡುಗಿ ಬಂದೂಕನ್ನು ಕಾಡಿನಲ್ಲೇ ಬಿಟ್ಟು, ಸೀರೆಯುಟ್ಟು, ಬುಟ್ಟಿ ಹೊತ್ತು ಅವರ ನಡುವೆ ಸೇರಿಕೊಳ್ಳಬೇಕಿತ್ತು. ಹಾಗೆಯೇ ಇಪ್ಪತ್ತು ಜನ ಹೆಂಗಸರು ಅವಳನ್ನು ಮಧ್ಯದಲ್ಲಿಟ್ಟುಕೊಂಡು, ಹಾಡಹಗಲೇ, ರಸ್ತೆಯ ನಟ್ಟನಡುವೆ ನಡೆದು ತಾಲ್ಲೂಕು ಕಚೇರಿಗೆ ಹೋಗಿ, ಜನರ ಎದುರಿಗೇ ಅವಳನ್ನು ಒಪ್ಪಿಸಬೇಕಿತ್ತು. ಬುಟ್ಟಿ ಹೊತ್ತ ಹೆಂಗಸರ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ, ಇಪ್ಪತ್ತು ಜನ ನೋಡಿದ ಮೇಲೆ ಯಾರೂ ಕಥೆ ಕಟ್ಟುವುದಿಲ್ಲ ಎಂಬುದು ದೊಡ್ಡಮ್ಮನ ಲೆಕ್ಕ. ಹುಡುಗಿ ಇದಕ್ಕೆ ಒಪ್ಪುವಂತೆ ಮಾಡಲು ಅವರಿಗೆ ಆರು ತಿಂಗಳು ಹಿಡಿದಿತ್ತು. ಪ್ರತಿ ಸಲ ಐದೇ ಐದು ಮಿಡಿ ಒಯ್ಯುತ್ತಿದ್ದರಂತೆ. ಇನ್ನೂ ಬೇಕು ಎಂದರೆ, ಮನೆಗೆ ಬಾ, ಭರಣಿ ತುಂಬ ಇದೆ ಎನ್ನುತ್ತಿದ್ದರಂತೆ. ಕೊನೆಯ ಸಲ, ಬರುತ್ತೇನೆ ಎಂದು ಅವಳು ಮಾತು ಕೊಟ್ಟ ಮೇಲೆ, ಖುಷಿಗೆ ಡಬ್ಬಿ ತುಂಬಿ ಕೊಟ್ಟಿದ್ದರು.

ಆ ತುಂಬಿದ ಡಬ್ಬಿಯನ್ನೇ ನಾನು ಮೂಸಿದ್ದು.

ಹಬ್ಬದ ದಿನ ಗದ್ದೆಯ ಬದುಗಳ ಮೇಲೆಲ್ಲ ಪೊಲೀಸರು ನಿಂತಿದ್ದರು. ಹುಡುಗಿ ಗದ್ದೆಯ ಮೇಲಿನ ಬಿದಿರುಮೆಳೆಯ ಅಂಚಿನವರೆಗೆ ಬಂದಿದ್ದಳಂತೆ. ದೊಡ್ಡಮ್ಮ ಕೂ ಹಾಕಿದರೆ ಮಾತ್ರ ಇಳಿದು ಬರಬೇಕೆಂದು ಮಾತಾಗಿತ್ತು. ಆ ದನಿ ಬರಲಿಲ್ಲ. ಉಳಿದವರಿಗೆ ಕೂಗಲು ಧೈರ್ಯವಾಗಲಿಲ್ಲ. ತಿಂಗಳೊಪ್ಪತ್ತಿನೊಳಗೆ ಘಟ್ಟದ ಕಡೆ ಗುಂಡಿನ ಚಕಮಕಿ ನಡೆದ ಸುದ್ದಿ ಬಂತು. ಸತ್ತವರಲ್ಲಿ ಅವಳೂ ಇದ್ದಳು. ನಾನು ಅವಳ ಮುಖ ನೋಡಿದ್ದು ಅವತ್ತೇ, ಪೇಪರಿನಲ್ಲಿ. ಎರಡು ಜಡೆ ಹಾಕಿದ ಶಾಲೆಯ ಫೋಟೋ.

ದೊಡ್ಡಮ್ಮ ಅಷ್ಟರೊಳಗೆ ಮನೆಗೆ ಬಂದಿದ್ದರು. ಅಂಗಾಲು ನೆಲಕ್ಕೆ ಊರದೆ, ಪಾದದ ಅಂಚಿನಲ್ಲಿ ನಡೆಯುತ್ತಿದ್ದರು. ಏನಾಯಿತೆಂದು ಅವರು ಹೇಳಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಅವರ ಕಾಲನ್ನು ಅದ್ದಿಸುತ್ತಿದ್ದವಳು ನಾನು. ಟೀಚ್ರೇ, ನಿಮಗೆ ಯಾಕೆ ಕಷ್ಟ ಎಂದು ಅವರು ಕಾಲು ಎಳೆದುಕೊಳ್ಳುತ್ತಿದ್ದರು. ಆ ಪಾದಗಳನ್ನು ಹಿಡಿದುಕೊಂಡು ಹೇಳಿಬಿಡಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ... ನೀರು ಹೆಚ್ಚು ಬಿಸಿಯಾಯಿತಾ ಎಂದಷ್ಟೇ ಕೇಳುತ್ತಿದ್ದೆ.

ಹುಡುಗಿಯ ಹೆಣ ತರಲು ಊರಿನ ಗಂಡಸರು ಹಿಂಜರಿದರು. ಹೆಸರು ಪೊಲೀಸರ ಪಟ್ಟಿಗೆ ಸೇರೀತೆಂಬ ಭಯ, ತಪ್ಪೆನ್ನಲಾರೆ. ಭೂಮಿ ಹುಣ್ಣಿಮೆಯ ದಿನ ನಡೆಯಬೇಕಾಗಿದ್ದ ಆ ಹೆಂಗಸರೇ ಅವತ್ತು ನಡೆದರು. ಮುಂದೆ ದೊಡ್ಡಮ್ಮ, ಅದೇ ಪಾದದ ಅಂಚಿನಲ್ಲಿ. ಅವಳನ್ನು ಮಧ್ಯದಲ್ಲಿಟ್ಟುಕೊಂಡೇ ತಂದರು. ನಾನು ಶಾಲೆಯ ಕಿಟಕಿಯಿಂದ ನೋಡಿದೆ. ಮಕ್ಕಳಿಗೆ ಕಾಪಿ ಬರೆಯಲು ಕೊಟ್ಟು ನೋಡುತ್ತ ನಿಂತಿದ್ದೆ.

ಅಲ್ಲಿಗೆ ಮುಗಿದಿದ್ದರೆ ನನ್ನ ಪಾಪ ಒಂದೇ ಆಗುತ್ತಿತ್ತು.

ಯಾರು ಹೇಳಿದ್ದು ಎಂಬ ಪ್ರಶ್ನೆ ಊರಿನಲ್ಲಿ ಎದ್ದಿತು. ದೊಡ್ಡಮ್ಮ ಕಾಡಿಗೆ ಹೋಗುವುದನ್ನು ಪೊಲೀಸರಿಗೆ ತಿಳಿಸಿದವರು ಯಾರು? ಉಂಡ ಮನೆಯ ಜಂತೆ ಎಣಿಸುವವಳಲ್ಲ ಎಂದು ನನ್ನನ್ನು ಎಲ್ಲರೂ ಬಿಟ್ಟರು. ಅನುಮಾನ ಹೋದದ್ದು ಶಾಲೆಯ ಬಿಸಿಯೂಟದ ಅಡುಗೆಯಾಕೆಯ ಮೇಲೆ. ಆಕೆ ಮಕ್ಕಳಿಗೆ ಬೇಯಿಸುವುದರ ಜೊತೆಗೆ ಕ್ಯಾಂಪಿನವರಿಗೂ ಸಾರು ಮಾಡಿಕೊಡುತ್ತಿದ್ದಳು. ಮತ್ತೆ ಸಾಕ್ಷಿ ಯಾಕೆ? ನನಗಿಂತ ನಾಲ್ಕು ವರ್ಷ ಚಿಕ್ಕವಳು. ಕುಡುಕ ಗಂಡನನ್ನು ಬಿಟ್ಟು ಮಗಳೊಂದಿಗೆ ತವರಿನಲ್ಲಿದ್ದಳು. ಜನ ಅವಳ ಬಳಿ ಮಾತು ಬಿಟ್ಟರು. ಕೊಯ್ಲಿನ ಕೆಲಸಕ್ಕೆ ಅವಳನ್ನು ಕರೆಯುವುದು ಬಿಟ್ಟರು. ಅವಳು ಬಡಿಸಿದ್ದನ್ನು ತಿನ್ನಬೇಡ ಎಂದು ಕೆಲವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸತೊಡಗಿದರು. ಒಂದು ಸೋಮವಾರ ಶಾಲೆಯ ದಾರಿಯ ಮೋರಿಕಟ್ಟೆಗೆ ಕಾಡಿನವರ ಚೀಟಿ ಅಂಟಿತ್ತು. ಪೊಲೀಸರಿಗೆ ಸುಳಿವು ಕೊಟ್ಟವರಿಗೆ ತಕ್ಕ ಶಿಕ್ಷೆ ಎಂದಿತ್ತು. ಮೊದಲು ಓದಿದವಳು ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮೂಗು ಮುಟ್ಟಿಕೊಂಡೆ. ನಿಜವಾಗಿಯೂ ಮುಟ್ಟಿಕೊಂಡೆ.

ಅಡುಗೆಯಾಕೆ ಆ ದಿನ ಅನ್ನ ಬಸಿಯುವಾಗ ಗಂಜಿ ಚೆಲ್ಲಿಕೊಂಡಳು. ನನ್ನ ಮುಖವನ್ನು ಒಮ್ಮೆ ನೋಡಿದಳು. ನಾನು ಹಾಜರಿ ಪುಸ್ತಕ ತೆಗೆದುಕೊಂಡು ಒಳಗೆ ಹೋದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿದರೆ ಚೀಟಿ ನನಗೆ ಅಂಟುತ್ತದೆ, ನನಗೂ ಮನೆಯಿದೆ, ಮಗನಿದ್ದಾನೆ ಎಂದು ಲೆಕ್ಕ ಹಾಕಿದೆ. ಅವಳಿಗೂ ಮಗಳಿದ್ದಾಳೆ ಎಂಬುದು ಆ ಲೆಕ್ಕದಲ್ಲಿ ಬರಲಿಲ್ಲ.

ಆ ವಾರ ಹೆಂಗಸರ ಸಂಘದ ಸಭೆ ದೊಡ್ಡಮ್ಮನ ಅಂಗಳದಲ್ಲಿ ಸೇರಿತು. ಅಡುಗೆಯಾಕೆ ಒಂದು ಮೂಲೆಯಲ್ಲಿ ಒಬ್ಬಳೇ ಕೂತಿದ್ದಳು, ಅವಳ ಸುತ್ತ ಮೂರು ಜನ ಕೂರುವಷ್ಟು ಜಾಗ ಖಾಲಿಯಿತ್ತು. ದೊಡ್ಡಮ್ಮ ಕಷ್ಟಪಟ್ಟು ಎದ್ದು ಆ ಖಾಲಿ ಜಾಗಕ್ಕೆ ಹೋಗಿ ಕೂತರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

'ಯಾರೂ ಎಂತದೂ ಹೇಳ್ಲಿಲ್ಲ. ಡಬ್ಬಿ ವಾಪಸ್ ಬರ್ಲಿ ಅಂತ ತಳದಾಗೆ ನಂದೇ ಗುರುತು ಹಾಕಿದ್ದೆ. ಅದನ್ನ ಅಳಿಸಾಕೆ ಮರ್ತೆ. ತಪ್ಪು ನಂದು. ಇನ್ ಮೇಲೆ ಈ ಮಾತು ಈ ದಣಪೆ ದಾಟಿ ಹೋಗ್ಬಾರ್ದು.'

ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಕಡೆಯ ಯಾವ ಹೆಂಗಸು ಗುರುತು ಹಾಕದೆ ಡಬ್ಬಿ ಕೊಡುತ್ತಾಳೆ? ಪಾತ್ರೆಯ ಮೇಲೆ ಹೆಸರು ಕೊರೆಸುವುದು, ಡಬ್ಬಿಯ ತಳಕ್ಕೆ ಬಣ್ಣದ ಚುಕ್ಕಿ ಇಡುವುದು, ತಿರುಗಿ ಬರದಿದ್ದರೆ ಕೇಳಿ ತರುವುದು, ಇದೆಲ್ಲ ನಮ್ಮ ರಕ್ತದಲ್ಲೇ ಇದೆ. ಎಲ್ಲರೂ ಅಯ್ಯೋ ಎಂದರು. ಒಬ್ಬರು ಅಡುಗೆಯಾಕೆಯ ಪಕ್ಕಕ್ಕೆ ಸರಿದು ಕೂತು ಎಲೆಯಡಿಕೆ ಕೊಟ್ಟರು. ಈ ಮಾತು ಕಾಡಿನವರಿಗೂ ಹೇಗೋ ಮುಟ್ಟಿತು. ಆಮೇಲೆ ಚೀಟಿ ಬರಲಿಲ್ಲ, ಯಾರ ಮನೆಯ ಮೇಲೂ ಯಾರೂ ಹೋಗಲಿಲ್ಲ.

ಆದರೆ ಆ ಡಬ್ಬಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೆ. ತಳದ ಅಂಚಿನಲ್ಲಿ ಕೆಂಪು ಮಣ್ಣಿತ್ತು. ಗುರುತಿರಲಿಲ್ಲ.

ಅವರು ಸುಳ್ಳು ಹೇಳಿದರೆಂದು ಗೊತ್ತಾಗಿಯೂ, ಯಾಕೆ ಹೇಳಿದರೆಂದು ನನಗೆ ತಿಳಿದದ್ದು ಮುಂದಿನ ಮಳೆಗಾಲದಲ್ಲಿ. ಆ ಜೂನ್ ತಿಂಗಳಲ್ಲಿ ದೊಡ್ಡಮ್ಮ ಕಸಿ ಕಟ್ಟುವ ಹುಚ್ಚಿಗೆ ಬಿದ್ದರು. ಕಾಟುಮಾವಿನ ಸಸಿಗಳನ್ನು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಎಬ್ಬಿಸಿ, ಹಳ್ಳದ ತಿರುವಿನ ಮರದ ಕುಡಿ ತಂದು, ಬ್ಲೇಡಿನಿಂದ ಕೊಯ್ದು ಜೋಡಿಸಿ, ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ಕನ್ನು ಪಟ್ಟಿ ಕತ್ತರಿಸಿ ಸುತ್ತುತ್ತಿದ್ದರು. ಮೊದಲ ಹತ್ತು ಸತ್ತವು. ಆಮೇಲೆ ಕೈ ಕುದುರಿತು. ಚಿಗುರಿದ್ದನ್ನೆಲ್ಲ ಹಂಚಿದರು. ಊರಿನ ಮನೆಗಳಿಗೆ, ಪಕ್ಕದ ಊರಿಗೆ, ಕೋಣಂದೂರಿನ ಸಂತೆಗೆ ಬಂದ ಗುರುತಿಲ್ಲದವರಿಗೆ, ತಮ್ಮ ತಮ್ಮ ಊರಿಗೆ ವರ್ಗವಾಗಿ ಹೊರಟಿದ್ದ ಪೇದೆಗಳಿಗೂ. ಅಂಥ ಮಿಡಿಯ ಮರವಿರುವವರು ಕುಡಿ ಕೊಡುವುದಿರಲಿ, ಹತ್ತಿರ ಬಂದವರನ್ನೇ ಅನುಮಾನದಿಂದ ನೋಡುತ್ತಾರೆ. ಇವರಿಗೇನಾಗಿದೆ ಎಂದು ಜನ ನಕ್ಕರು.

ಒಂದು ಸಂಜೆ ನನ್ನ ಕೋಣೆಯ ಬಾಗಿಲಿಗೆ ಬಂದು ಒಂದು ಸಸಿ ಇಟ್ಟರು.

'ಸಾಗರಕ್ಕೆ ತಗಂಡ್ ಹೋಗಿ ಟೀಚ್ರೇ. ಎಲ್ಲಾರ ಮನೇಲೂ ಆಗ್ಲಿ. ಇನ್ನೊಂದು ನಾಕು ವರ್ಸ ಹೋದ್ರೆ ಈ ವಾಸ್ನೆ ಇಂಥೋರ ಮನೇದು ಅಂತ ಯಾರಿಗೂ ಹೇಳಾಕೆ ಬರ್ಬಾರ್ದು' ಎಂದರು. ಹೊರಟವರು ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ಮೆಲ್ಲಗೆ ಸೇರಿಸಿದರು: 'ಆ ಎಂಟು ದಿನ ಸಾಹೇಬ್ರು ಅಲ್ಲಿ ನಿಮ್ಮ ಮೂಗನ್ನ ಭಾಳ ಹೊಗಳಿದ್ರು.'

ಎಂಟು ತಿಂಗಳು. ಎಂಟು ತಿಂಗಳು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ನ ಬಟ್ಟಲಿನ ಪಕ್ಕ ಎರಡು ಮಿಡಿ ಇಟ್ಟಿದ್ದರು. ನಾನು ಎದ್ದು ಹಿಂದೆ ಹೋಗಿ ಕಾಲು ಹಿಡಿಯಬೇಕಿತ್ತು. ಹಾಸಿಗೆಯ ಅಂಚಿನಲ್ಲಿ ಕೂತೇ ಇದ್ದೆ. ಅವರು ಕೊಟ್ಟಿಗೆಯಲ್ಲಿ ಕರುವಿಗೆ ಬೈಯುವ ದನಿ ಕೇಳುತ್ತಿತ್ತು.

ಆ ವರ್ಷವೇ ಅವರಿವರ ಕೈಕಾಲು ಹಿಡಿದು ಸಾಗರಕ್ಕೆ ವರ್ಗ ಮಾಡಿಸಿಕೊಂಡೆ. ಸಸಿಯನ್ನು ತಂದೆ, ನೆಡಲಿಲ್ಲ. ನಾಳೆ ನೆಟ್ಟರಾಯಿತು ಎಂದು ಹಿತ್ತಲಿನ ಗೋಡೆಗೆ ಒರಗಿಸಿಟ್ಟೆ. ತೊಟ್ಟೆಯಲ್ಲೇ ಒಣಗಿತು. ನೀರು ಹಾಕಲು ಮರೆತೆ ಎಂದು ಗಂಡನಿಗೆ ಹೇಳಿದೆ. ಮರೆತಿರಲಿಲ್ಲ. ಕೆಲವು ವರ್ಷಗಳ ಮೇಲೆ ದೊಡ್ಡಮ್ಮ ತೀರಿಕೊಂಡ ಸುದ್ದಿ ಬಂತು. ಮೊಣಕಾಲು ನೋವೆಂದು ಹೋಗಲಿಲ್ಲ. ಮೊಣಕಾಲು ನೋಯುತ್ತಿದ್ದುದೇನೋ ನಿಜ.

ಪೇಟೆಯ ಆ ಜಾಡಿಯ ವಾಸನೆ ಈ ಸಲ ನನ್ನನ್ನು ಬಿಡಲಿಲ್ಲ. ದೊಡ್ಡಮ್ಮ ಇಲ್ಲ. ಅಡುಗೆಯಾಕೆ ಇದ್ದಾಳೆ, ಕೋಣಂದೂರಿನ ಹತ್ತಿರ ಮಗಳ ಮನೆಯಲ್ಲಿ ಎಂದು ಯಾರೋ ಹೇಳಿದ್ದರು. ಹೋದ ವಾರ ಹೊಸನಗರದಲ್ಲಿ ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮಕ್ಕಳು ಪದ್ಯ ಉರುಹೊಡೆದ ಹಾಗೆ ಹೇಳಿಕೊಂಡೆ. ಅವಳ ತಲೆ ಪೂರ್ತಿ ಬೆಳ್ಳಗಾಗಿತ್ತು. ಟೀಚ್ರೇ, ಬಂದ್ರಾ ಎಂದಳು, ನಿನ್ನೆ ನೋಡಿದವಳ ಹಾಗೆ. ಚಾಪೆ ಹಾಸಿದಳು. ನಾನು ಕೂರುವ ಮೊದಲೇ ಹೇಳಿಬಿಟ್ಟೆ, ಪೊಲೀಸರಿಗೆ ಹೇಳಿದವಳು ನಾನು, ನಿನ್ನ ಮೇಲೆ ಬಂದ ಹೊರೆ ನನ್ನದು ಎಂದು.

ಅವಳು ಚಾಪೆಯ ಅಂಚು ಸರಿಮಾಡಿದಳು. ಹಿತ್ತಲ ಕಡೆಯ ಬಾಗಿಲು ತೆರೆದಿತ್ತು.

'ನಂಗೆ ಗೊತ್ತಿತ್ತು ಟೀಚ್ರೇ. ನೀವು ಜಗಲಿ ಮೇಲೆ ಕಣ್ಣು ಮುಚ್ಕಂಡು ಮೂಸ್ತಾ ಇದ್ರಿ. ನಾನು ಕೆಳಗೆ ಅನ್ನದ ಪಾತ್ರೆ ತಿಕ್ತಾ ಇದ್ದೆ.'

ಮತ್ತೆ ಯಾಕೆ ಹೇಳಲಿಲ್ಲ, ಊರೆಲ್ಲ ನಿನ್ನನ್ನು ಬೈಯುವಾಗಲಾದರೂ ನನ್ನ ಹೆಸರು ಹೇಳಬಹುದಿತ್ತಲ್ಲ ಎಂದೆ.

'ಹೇಳಿದ್ರೆ ಇನ್ನೊಂದು ಹೆಣ ಹೊರ್ಬೇಕಿತ್ತು. ಒಂದನ್ನ ಹೊತ್ತೇ ಸಾಕಾಗಿತ್ತು' ಎಂದಳು. 'ದೊಡ್ಡಮ್ಮ ಬಂದ ದಿನಾನೇ ಅವ್ರಿಗೆ ಹೇಳ್ದೆ. ಸುಮ್ನಿರು ಅಂದ್ರು. ಊರು ನನ್ ಮೇಲೆ ತಿರುಗಿದ್ಮೇಲೆ, ನೀನು ಸ್ವಲ್ಪ ದಿನ ತಡ್ಕಾ, ನಾನು ದಾರಿ ಮಾಡ್ತೀನಿ ಅಂದ್ರು. ತಡ್ಕಂಡೆ.'

ಇಪ್ಪತ್ತು ವರ್ಷ ನಾನು ನನ್ನ ಗುಟ್ಟನ್ನು ಕಾಪಾಡಿಕೊಂಡಿದ್ದೇನೆ ಎಂದುಕೊಂಡಿದ್ದೆ. ಕಾಪಾಡಿದವರು ಅವರಿಬ್ಬರು. ಒಬ್ಬರು ಅಂಗಾಲಿಗೆ ಏಟು ತಿಂದ ಮೇಲೂ, ಒಬ್ಬಳು ಮಾನ ಒತ್ತೆಯಿಟ್ಟು. ನಾನು ಅತ್ತೆ. ಅವಳು ಅಳಬೇಡಿ ಎನ್ನಲಿಲ್ಲ. ಎದ್ದು ಹೋಗಿ ತಟ್ಟೆ ಹಾಕಿದಳು. ಅನ್ನ, ಮೇಲೆ ಮಜ್ಜಿಗೆ, ಪಕ್ಕದಲ್ಲಿ ಎರಡು ಮಿಡಿ. ಹಿತ್ತಲಲ್ಲಿ ಅವಳ ಪಾಲಿನ ಕಸಿ ಮರವಾಗಿ ನಿಂತಿರುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಹಳ್ಳದ ತಿರುವಿನ ಮೂಲ ಮರ ದೊಡ್ಡ ನೆರೆ ಬಂದ ವರ್ಷ ಬುಡ ಸಮೇತ ಹೋಯಿತಂತೆ. ಹಳ್ಳದಾಚೆಯ ಹುಡುಗಿಯ ತಾಯಿಯೂ ತೀರಿಕೊಂಡಳಂತೆ. ಹುಡುಗಿ ಬದುಕಿದ್ದರೆ ಈಗ ನಲವತ್ತು ದಾಟುತ್ತಿತ್ತು, ಅವಳಿಗೂ ಕೂದಲು ನರೆಯುತ್ತಿತ್ತು ಎಂದು ಮಾತಾಡಿಕೊಂಡೆವು.

ನಾನು ಮಿಡಿಯನ್ನು ಕೈಗೆ ತೆಗೆದುಕೊಂಡೆ. ಅರವತ್ತು ವರ್ಷದ ಅಭ್ಯಾಸ, ಕೈ ತನ್ನಷ್ಟಕ್ಕೆ ಮೂಗಿನ ಕಡೆ ಹೋಯಿತು.

'ಮೂಸ್ಬೇಡಿ ಟೀಚ್ರೇ' ಎಂದಳು ಅವಳು. 'ಉಣ್ಣಿ.'

ತಲೆ ಬಗ್ಗಿಸಿ ಉಂಡೆ.